ಹಿಂಗೈ ಇಟ್ಟು ಪ್ರೊಸೆಸರ್ ಆರಿಸಿದ ಮಾವ

ನಮ್ಮ ಗುರುಮಲ್ಲಪ್ಪ ಮಾವ ಯಾವ ಯಂತ್ರವನ್ನೂ ಕಣ್ಣಿನಿಂದ ನೋಡಿದವರಲ್ಲ. ಬಲಗೈಯನ್ನು ಮಗುಚಿ, ಹಿಂಗೈಯನ್ನು ಅದರ ಬೆನ್ನಿನ ಮೇಲಿಟ್ಟು, ಕಣ್ಣು ಮುಚ್ಚಿ ಒಂದಿಷ್ಟು ಹೊತ್ತು ನಿಲ್ಲುತ್ತಿದ್ದರು. ಮೋಟರು, ಮಿಕ್ಸಿ, ಮೊಪೆಡ್ಡು, ಟೇಪ್ ರೆಕಾರ್ಡರು, ಎಲ್ಲಕ್ಕೂ ಅದೇ ಪರೀಕ್ಷೆ. ಸುತ್ತ ನಿಂತವರು ಉಸಿರು ಬಿಗಿಹಿಡಿದು ಕಾಯಬೇಕು. ಆಮೇಲೆ ಕಣ್ಣು ತೆರೆದು ತೀರ್ಪು ಕೊಡುತ್ತಿದ್ದರು. "ತಣ್ಣಗದೆ, ತಕ್ಕಳಿ." ಇಲ್ಲವಾದರೆ, "ಬಿಸಿ ಆಯ್ತದೆ, ಬ್ಯಾಡ." ಹೈಕೋರ್ಟಿನ ತೀರ್ಪಿಗಾದರೂ ಮೇಲ್ಮನವಿ ಉಂಟು, ಮಾವನ ಹಿಂಗೈಗೆ ಇರಲಿಲ್ಲ.

"ಬಿಸಿ ಆಗೋದು ಅಂದ್ರೆ ಏನಮ್ಮಿ? ಕ್ವಾಪ. ಕ್ವಾಪ ಇರೋ ಮನ್ಸನೂ ಬಾಳಾಕಿಲ್ಲ, ಕ್ವಾಪ ಇರೋ ಮಿಷನ್ನೂ ಬಾಳಾಕಿಲ್ಲ" ಎನ್ನುತ್ತಿದ್ದರು. ಈ ಮಾತನ್ನು ನಾನು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದೇನೆ. ನನಗೂ ಚಿಕ್ಕಂದಿನಿಂದ ಕೋಪ ಜಾಸ್ತಿ, ಹಾಗಾಗಿ ನನ್ನ ಬಾಳಿಕೆಯ ಬಗ್ಗೆ ಅವರಿಗೆ ಮೊದಲಿನಿಂದಲೂ ಅನುಮಾನವಿತ್ತು.

ಮಾವ ನನ್ನ ಅವ್ವನ ಅಣ್ಣ. ಊರು ತೆರಕಣಾಂಬಿ, ಕಸುಬು ಬೇಸಾಯ. ಆದರೆ ಬೇಸಾಯ ಮಾಡುತ್ತಿದ್ದವರು ಅತ್ತೆ. ಮಾವ ಮಾಡುತ್ತಿದ್ದುದು ಬೇರೆಯವರ ಖರೀದಿ. ತೆರಕಣಾಂಬಿಯಿಂದ ಗುಂಡ್ಲುಪೇಟೆಯವರೆಗೆ ಯಾರ ಮನೆಗೆ ಕರೆಂಟಿನ ಸಾಮಾನು ಬರಬೇಕಾದರೂ ಮಾವ ಜೊತೆಗೆ ಹೋಗಬೇಕು. ಅದಕ್ಕೆ ಕಮಿಷನ್ನು ತೆಗೆದುಕೊಳ್ಳುತ್ತಿರಲಿಲ್ಲ. ಹೋಗುವ ಬರುವ ಬಸ್ಸು, ಒಂದು ಊಟ, ಎರಡು ಕಾಫಿ, ಮತ್ತು ವಾಪಸು ಬಂದಮೇಲೆ ಊರಲ್ಲಿ ನಾಲ್ಕು ಜನರ ಮುಂದೆ "ಗುರುಮಲ್ಲಣ್ಣ ಇಲ್ದೇ ಇದ್ರೆ ಮೋಸ ಓಯ್ತಿದ್ದೊ" ಎಂಬ ಒಂದು ಮಾತು. ಇಷ್ಟು ಸಿಕ್ಕರೆ ಮಾವ ಕಾಶಿಗೂ ಬರುವವರು. ಜನ ಅವರಿಗೆ ಗ್ಯಾರಂಟಿ ಗುರುಮಲ್ಲಪ್ಪ ಎಂದೇ ಹೆಸರಿಟ್ಟಿದ್ದರು. ಅಂಗಡಿಯವರು ಕೊಡುವ ಗ್ಯಾರಂಟಿ ಒಂದು ವರ್ಷದ್ದು. ಮಾವ ಕೊಡುತ್ತಿದ್ದುದು ನಮ್ಮ ಮೊಮ್ಮಕ್ಕಳ ಕಾಲದವರೆಗಿನದು.

ಈ ಕೀರ್ತಿ ಬಂದದ್ದು ಒಂದು ಪಂಪ್‌ಸೆಟ್ಟಿನಿಂದ. ಊರಲ್ಲಿ ಎಲ್ಲರ ಮೋಟರೂ ವರ್ಷಕ್ಕೊಮ್ಮೆ ಸುಟ್ಟು ವೈಂಡಿಂಗಿಗೆ ಹೋಗುತ್ತಿದ್ದಾಗ ಮಾವನ ಮೋಟರು ಮಾತ್ರ ಹೊಸ ಮದುವಣಗಿತ್ತಿಯ ಹಾಗೆ ಕೂತಿತ್ತಂತೆ. ಜನ ಬೆರಗಾಗಿ ಕಾರಣ ಕೇಳಿದರು. ಮಾವ ಹಿಂಗೈ ತೋರಿಸಿದರು. ಅಂದಿನಿಂದ ಹಿಂಗೈಗೆ ಪೂಜೆ ಶುರುವಾಯಿತು. ಮಾವನ ಜಮೀನು ಕರೆಂಟು ಲೈನಿನ ತುದಿಯಲ್ಲಿತ್ತು, ಅಲ್ಲಿಗೆ ಕರೆಂಟು ತಲುಪುತ್ತಿದ್ದುದೇ ಅಪರೂಪ ಎಂಬುದನ್ನು ಯಾರೂ ಯೋಚಿಸಲಿಲ್ಲ. ಓಡದ ಮೋಟರು ಸುಡುವುದಾದರೂ ಹೇಗೆ, ಶಿವನೇ?

ಎರಡನೆಯ ಸಿದ್ಧಾಂತ ತೂಕದ್ದು. ಭಾರ ಇದ್ದರೆ ಒಳಗೆ ಮಾಲಿದೆ, ಹಗುರ ಇದ್ದರೆ ಒಳಗೆ ಗಾಳಿ. ಈ ಲೆಕ್ಕದ ಮೇಲೆ ನಮ್ಮ ಅಪ್ಪನಿಗೆ ಅವರು ಕೊಡಿಸಿದ ಟಿ.ವಿ.ಯನ್ನು ಚಾಮರಾಜನಗರದ ನಮ್ಮ ಮನೆಯ ಒಳಕ್ಕೆ ತರಲು ನಾಲ್ವರು ಬೇಕಾದರು. ಚಿತ್ರ ಮಂಜಿನೊಳಗಿಂದ ಬಂದಂತೆ ಬರುತ್ತಿತ್ತು. ಅಪ್ಪ ಒಮ್ಮೆ ಅಳುಕುತ್ತ ಈ ಸಂಗತಿ ಹೇಳಿದಾಗ ಮಾವ ಟಿ.ವಿ.ಯ ನೆತ್ತಿಯ ಮೇಲೆ ಹಿಂಗೈ ಇಟ್ಟು, "ಚಿತ್ರ ಬುಡಿ ಬಾವ. ತಣ್ಣಗೆ ಎಂಗದೆ ನೋಡಿ" ಎಂದರು. ಅಪ್ಪ ಮುಟ್ಟಿ ನೋಡಿ, ಹೌದು ಭಾವ, ತಣ್ಣಗಿದೆ ಎಂದು ಒಪ್ಪಿಕೊಂಡರು. ಮಂಜಿನ ನಡುವೆ ವಾರ್ತೆ ಓದುವ ಹೆಂಗಸು ತುಟಿ ಅಲ್ಲಾಡಿಸುತ್ತಿದ್ದಳು.

ಮೂರನೆಯ ಸಂಗತಿ ಹೇಳಿದರೆ ದೊಡ್ಡಕ್ಕ ಬೇಸರ ಮಾಡಿಕೊಳ್ಳುತ್ತಾಳೆ. ಆದರೂ ಹೇಳುತ್ತೇನೆ. ಅವಳನ್ನು ನೋಡಲು ಗಂಡು ಬಂದಾಗ ಮಾವ ಕೈ ಕುಲುಕುವ ನೆಪದಲ್ಲಿ ಅವನ ಅಂಗೈ ಹಿಡಿದು ಮಗುಚಿ ತಮ್ಮ ಹಿಂಗೈ ತಾಗಿಸಿದರು. ಒಳಗೆ ಬಂದು ಅವ್ವನಿಗೆ, "ತಣ್ಣಗವ್ನೆ ಕಣವ್ವ, ಕಣ್ಣು ಮುಚ್ಕಂಡು ಕೊಟ್ಬುಡು" ಎಂದರು. ಕೊಟ್ಟರು. ನಮ್ಮ ಭಾವ ನಿಜಕ್ಕೂ ತಣ್ಣಗಿನ ಮನುಷ್ಯ. ಎಷ್ಟು ತಣ್ಣಗೆಂದರೆ ಮದುವೆಯಾದ ದಿನದಿಂದ ಕೂತಲ್ಲಿಂದ ಎದ್ದಿಲ್ಲ. ಕೆಲಸಕ್ಕೆ ಹೋಗು ಅಂದರೂ ಕೋಪವಿಲ್ಲ, ಹೋಗಬೇಡ ಅಂದರೂ ಕೋಪವಿಲ್ಲ.

ಈಗ ನನ್ನ ಸರದಿ ಹೇಳಬೇಕು. ಚಾಮರಾಜನಗರದಲ್ಲಿ ಕೋರ್ಟಿನ ಹತ್ತಿರ ನನ್ನದೊಂದು ಟೈಪಿಂಗ್ ಅಂಗಡಿ ಇತ್ತು. ಬೆಳಿಗ್ಗೆ ಹುಡುಗಿಯರಿಗೆ ಟೈಪಿಂಗ್ ಪಾಠ, ಹಗಲು ಅರ್ಜಿ, ಅಫಿಡವಿಟ್ಟು, ಬಾಡಿಗೆ ಕರಾರು. ಊರು ಜಿಲ್ಲೆಯಾಯಿತು. ಹೊಸ ಕಚೇರಿಗಳು ಬಂದವು, ಹೊಸ ಸಾಹೇಬರು ಬಂದರು. ಇನ್ನು ನನ್ನ ಕೈಗೆ ಬಿಡುವಿಲ್ಲ ಅಂದುಕೊಂಡೆ. ಆದರೆ ಬಂದ ಸಾಹೇಬರಿಗೆಲ್ಲ ಕಂಪ್ಯೂಟರಿನಲ್ಲೇ ಆಗಬೇಕು. ಟೈಪ್‌ರೈಟರಿನ ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದೇನಮ್ಮಾ, ಓಬೀರಾಯನ ಕಾಲದ್ದು" ಎನ್ನುತ್ತಿದ್ದರು. ವಕೀಲರ ಗುಮಾಸ್ತರು ಮೈಸೂರಿಗೆ ಬಸ್ಸು ಹತ್ತತೊಡಗಿದರು. ನನ್ನ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ ಮಾತ್ರ ಉಳಿಯಿತು.

ಅವ್ವನಿಗೆ ಇದು ದೇವರೇ ಕೊಟ್ಟ ಅವಕಾಶದಂತೆ ಕಂಡಿತು. ನಂಜನಗೂಡಿನ ಕಡೆಯ ಒಂದು ಗಂಡನ್ನು ಆಗಲೇ ಗೊತ್ತು ಮಾಡಿಟ್ಟಿದ್ದಳು. ಆ ಮಹಾನುಭಾವರದು ಒಂದೇ ಷರತ್ತು. ಹುಡುಗಿ ಅಂಗಡಿ ಗಿಂಗಡಿ ಅಂತ ಬೀದಿಯಲ್ಲಿ ಕೂರಬಾರದು. ನಾನು ಅತ್ತು ಕೂಗಾಡಿದೆ, ಎರಡು ಹೊತ್ತು ಊಟ ಬಿಟ್ಟೆ. ಕೊನೆಗೆ ಅವ್ವ ಒಂದು ಒಪ್ಪಂದಕ್ಕೆ ಬಂದಳು. "ಅದೇನೋ ಕಂಪ್ಯೂಟ್ರು ತತ್ತೀನಿ ಅಂತೀಯಲ್ಲ ಗೌರಿ, ತಾ. ಯುಗಾದಿ ಒತ್ಗೆ ಅಂಗ್ಡಿ ನಿಂತ್ಕಂಡ್ರೆ ನಿನ್ ತಂಟೆಗೆ ಬರಾಕಿಲ್ಲ. ನಿಲ್ನಿಲ್ವಾ, ಬಾಯಿ ಮುಚ್ಕಂಡು ತಾಳಿ ಕಟ್ಟುಸ್ಕೊ." ಅಲ್ಲಿಗೆ ನನ್ನ ಬದುಕು ಒಂದು ಯಂತ್ರದ ಮೇಲೆ ನಿಂತಿತು.

ನಾನು ಮೈಸೂರಿಗೆ ಹೋಗಿ ಬಂದು ಎರಡು ತಿಂಗಳು ಕಂಪ್ಯೂಟರ್ ಕಲಿತಿದ್ದೆ. ಅಲ್ಲಿ ಕಲಿಸುತ್ತಿದ್ದ ಮೇಡಂ ಒಂದು ಮಾತು ಹೇಳಿದ್ದರು. "ಕರೆಂಟು ಸರಿಯಾಗಿಲ್ಲದ ಊರು ನಿಮ್ಮದು, ಬ್ಯಾಟರಿಯ ಮೇಲೆ ಓಡುವ ಲ್ಯಾಪ್‌ಟಾಪ್ ತಗೋ. ಹೊಸದು ನಿನ್ನ ಕೈಗೆ ಎಟುಕಲ್ಲ, ಹಳೆಯದೇ ಆಗಲಿ. ಬೇರೆ ಯಾವುದರಲ್ಲಿ ಬೇಕಾದರೂ ಜಿಪುಣತನ ಮಾಡು, ಪ್ರೊಸೆಸರಿನಲ್ಲಿ ಮಾಡಬೇಡ. ಮೆಮೊರಿ ಆಮೇಲೆ ಹಾಕಿಸಬಹುದು. ಲ್ಯಾಪ್‌ಟಾಪಿನ ಪ್ರೊಸೆಸರು ಒಂದು ಸಲ ಬಂದದ್ದು ಬಂತು, ಬದಲಾಯಿಸೋಕಾಗಲ್ಲ." ನಂಜನಗೂಡಿನ ಗಂಡು ನೆನಪಾಗಿ ನನಗೆ ಈ ಮಾತು ಚೆನ್ನಾಗಿ ಅರ್ಥವಾಯಿತು. ಪೆಂಟಿಯಂ ತಗೋ, 486 ಬೇಡ, ಅದರಲ್ಲಿ ಕನ್ನಡದ ಸಾಫ್ಟ್‌ವೇರು ತೆವಳುತ್ತದೆ ಎಂದೂ ಹೇಳಿದ್ದರು.

ಇಷ್ಟೆಲ್ಲ ತಿಳಿದುಕೊಂಡು ಬಂದು ಮನೆಯಲ್ಲಿ ವಿವರಿಸಿದೆ. ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಎಲ್ಲಾ ಸರಿ. ನಿಮ್ಮ ಮಾವನ್ನ ಒಂದು ಮಾತು ಕೇಳು" ಎಂದರು.

ಗುಂಡ್ಲುಪೇಟೆಯಲ್ಲಿ ಹಂಸಣ್ಣ ಎಂಬ ಮಲಯಾಳಿಯ ಬೇಕರಿ ಇತ್ತು. ಅವನ ತಮ್ಮ ದುಬೈಯಲ್ಲಿದ್ದವನು ಬರುವಾಗಲೆಲ್ಲ ಹಳೆಯ ಸಾಮಾನು ತಂದು ಅಣ್ಣನ ಅಂಗಡಿಯಲ್ಲಿ ಮಾರಲು ಬಿಟ್ಟು ಹೋಗುತ್ತಿದ್ದ. ಆ ಸಲ ಎರಡು ಲ್ಯಾಪ್‌ಟಾಪುಗಳು ಬಂದಿದ್ದವು. ಒಂದು 486, ಒಂದು ಪೆಂಟಿಯಂ. ಬೆಲೆಯಲ್ಲಿ ಅಂತರವಿತ್ತು, ಆದರೆ ತಲೆಯ ಮೇಲೆ ಆಕಾಶ ಬೀಳುವಷ್ಟಲ್ಲ. ನಾನು ಪೆಂಟಿಯಂಗೇ ದುಡ್ಡು ಹೊಂದಿಸಿಕೊಂಡು ಬಸ್ಸು ಹತ್ತಿದೆ. ತೆರಕಣಾಂಬಿಯಲ್ಲಿ ಮಾವ ಹತ್ತಿದರು. ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಹೆಗಲ ಮೇಲೆ ಹೊಸ ಟವಲು. ಹೆಣ್ಣು ನೋಡಲು ಹೊರಟವರಂತೆ ಇದ್ದರು.

ಬೇಕರಿಯಲ್ಲಿ ಈರುಳ್ಳಿ ಮಂಡಿಯವರು, ಲಾರಿಯವರು ಬನ್ನು ತಿನ್ನುತ್ತ ಕೂತಿದ್ದರು. ಗ್ಯಾರಂಟಿ ಗುರುಮಲ್ಲಪ್ಪ ಬಂದರೆಂದು ಎಲ್ಲರೂ ಕುರ್ಚಿ ತಿರುಗಿಸಿಕೊಂಡರು. ಹಂಸಣ್ಣ ಎರಡೂ ಯಂತ್ರಗಳನ್ನು ಗಾಜಿನ ಕೌಂಟರಿನ ಮೇಲೆ ತೆರೆದಿಟ್ಟ.

"ಇದ್ರ ನಂಬರ್ ಏನಪ್ಪ?" ಎಂದರು ಮಾವ.

"ಫೋರ್ ಏಟಿ ಸಿಕ್ಸ್, ಚೇಟ್ಟಾ." ಹಂಸಣ್ಣನಿಗೆ ಗಿರಾಕಿಗಳೆಲ್ಲ ಚೇಟ್ಟಾ, ಅಂದರೆ ಅಣ್ಣ.

"ಅದ್ರದ್ದು?"

"ಪೆಂಟಿಯಂ."

"ಎಸ್ರು ಯಾರ್ ಕೇಳುದ್ರು? ನಂಬರ್ ಏಳು."

"ನಂಬರಿಲ್ಲ ಚೇಟ್ಟಾ. ಪೆಂಟಿಯಂ ಅಷ್ಟೇ."

ಮಾವ ನನ್ನ ಕಡೆ ತಿರುಗಿ, ಕಳ್ಳನನ್ನು ಕೈಯಾರೆ ಹಿಡಿದವರ ಹಾಗೆ ಹುಬ್ಬೇರಿಸಿದರು. "ಕೇಳುಸ್ಕಂಡ್ಯಾ ಅಮ್ಮಿ? ನಂಬರಿಲ್ವಂತೆ."

ಹೆದ್ದಾರಿಯ ಪಕ್ಕದ ಊರು ಗುಂಡ್ಲುಪೇಟೆ. ನಂಬರಿಲ್ಲದ ಲಾರಿ ಎಂದರೆ ಏನರ್ಥವೆಂದು ಅಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಬನ್ನು ತಿನ್ನುತ್ತಿದ್ದವರೆಲ್ಲ ತಲೆಯಾಡಿಸಿದರು. ನಾನು ಮಾವನಿಗೆ ಬಿಡಿಸಿ ಹೇಳಲು ನೋಡಿದೆ. "ಮಾವ, ಮೊದಲು 286, ಆಮೇಲೆ 386, ಆಮೇಲೆ 486. ಅದರ ಮುಂದಿನದಕ್ಕೆ ನಂಬರಿನ ಬದಲು ಹೆಸರಿಟ್ಟರು. ಇದೇ ಹೊಸದು, ಇದೇ ಜೋರಾಗಿ ಓಡೋದು."

"ಐನೂರೆಂಬತ್ತಾರು ಅಂತ ಬರಿಯಾಕೆ ಏನ್ ದಾಡಿ ಬಂದಿತ್ತು? ಎಲ್ರೂ ನಂಬರ್ ಆಕ್ಕಂಡು ಓಡಾಡ್ತಿದ್ರೆ ಇವ್ನ್ ಒಬ್ಬ ಎಸ್ರ್ ಇಟ್ಕಂಡು ಬತ್ತಾನೆ ಅಂದ್ರೆ, ಏನೋ ಮುಚ್ಚಿಡ್ತಾವ್ನೆ ಕಣಮ್ಮಿ."

"ಅದು ವೇಗವಾಗಿ ಕೆಲಸ ಮಾಡುತ್ತೆ ಮಾವ."

"ನೀ ಒಡಿಯೋದು ಅರ್ಜಿ. ಅರ್ಜಿಗೆ ಯಾಕ್ ಬೇಕು ವ್ಯಾಗ? ಅರ್ಜಿ ಕೊಟ್ಟೋನು ಆರ್ ತಿಂಗ್ಳು ಕಾಯ್ತಾನೆ, ಒಡ್ಯೋಳು ಅರ್ಗಳ್ಗೆ ಕಾದ್ರೆ ಏನಾಯ್ತದೆ?"

ಬೇಕರಿ ಗೊಳ್ಳೆಂದು ನಕ್ಕಿತು. ಸರ್ಕಾರಿ ಕಚೇರಿಯ ಬಗ್ಗೆ ಅದು ಸತ್ಯವಾದ ಮಾತು. ಮಾವ ಒಂದೊಂದನ್ನೂ ಎತ್ತಿ ತೂಗಿ ನೋಡಿದರು. 486 ಭಾರವಾಗಿತ್ತು. ಎರಡನ್ನೂ ಚಾಲೂ ಮಾಡಿಸಿ, ಬನ್ನು ಬೆಣ್ಣೆ ತರಿಸಿಕೊಂಡು, ಕುರ್ಚಿಯಲ್ಲಿ ಕೂತರು. ತಿನ್ನುವ ನಡುನಡುವೆ ಎದ್ದು ಹೋಗಿ ಹಿಂಗೈ ಇಟ್ಟು ಬರುತ್ತಿದ್ದರು. ಪೆಂಟಿಯಂ ಇಟ್ಟಿದ್ದ ಕಡೆಗೇ ಬೇಕರಿಯ ಒಲೆಯ ಗೋಡೆ. ಮಧ್ಯಾಹ್ನದ ಬನ್ನಿಗೆ ಒಲೆ ಧಗಧಗ ಉರಿಯುತ್ತಿತ್ತು. ಅದರ ಪಕ್ಕದಲ್ಲಿದ್ದ ಬಿಸ್ಕತ್ತಿನ ಡಬ್ಬಿ ಕೂಡ ಮುಟ್ಟಲಾಗದಷ್ಟು ಬಿಸಿಯಾಗಿತ್ತು.

"ಮಾವ, ಅದು ಒಲೆ ಪಕ್ಕ ಇದೆ. ಎರಡನ್ನೂ ಈ ಕಡೆ ಇಟ್ಟು ನೋಡಿ."

"ಒಲೆ ಪಕ್ಕ ಕುಂತ್ರೂ ಬಿಸಿ ಆಗ್ದೇ ಇರೋದೇ ಗುಣ. ಮನೆ ತುಂಬ್ದೋಳು ಒಲೆ ಪಕ್ಕಾನೇ ಅಲ್ವಾ ಕೂರೋದು?" ಎಂದು ಹೇಳಿ, ಕೊನೆಯ ಸಲ ಕಣ್ಣು ಮುಚ್ಚಿ, ತೆರೆದು, ಇಡೀ ಬೇಕರಿಗೆ ಕೇಳುವ ಹಾಗೆ ಸಾರಿದರು. "ಆ ನಂಬರಿಲ್ಲದ್ದು ಕೆಂಡ. ಯಾರೂ ಮುಟ್ಬ್ಯಾಡಿ. ಇದು ತಣ್ಣಗದೆ. ಇದ್ನೇ ಕೊಡಪ್ಪ."

ಬೆಲೆ ಮಾತಾಡಲು ಮಾವ ಹೆಗಲ ಟವಲನ್ನು ಹಂಸಣ್ಣನ ಕೈ ಮೇಲೆ ಹೊದಿಸಿ, ಒಳಗೆ ಕೈ ತೂರಿಸಿ, ಅವನ ಬೆರಳುಗಳನ್ನು ಹಿಡಿದರು. ನಮ್ಮ ಕಡೆ ಎತ್ತಿನ ವ್ಯಾಪಾರ ನಡೆಯುವುದೇ ಹಾಗೆ. ಯಾವ ಬೆರಳು ಎಷ್ಟು ಸಲ ಅಮುಕಿದರು ಎಂಬುದರ ಮೇಲೆ ಬೆಲೆ, ಪಕ್ಕದವರಿಗೆ ಗೊತ್ತಾಗಬಾರದು. ಹಂಸಣ್ಣ ಬನ್ನು ಮಾರುವವನು, ಅವನಿಗೆ ಇದೇನು ಗೊತ್ತು? "ಅಯ್ಯೋ ಇಕ್ಕಿಳಿ, ಚೇಟ್ಟಾ, ಇಕ್ಕಿಳಿ!" ಎಂದು ಮೈಯೆಲ್ಲ ಕಚಗುಳಿಯಾಗಿ ನಕ್ಕು ನಕ್ಕು ಟವಲಿನೊಳಗೇ ಬೆರಳು ಮಡಿಸಿದ. ಮಾವ ಅದನ್ನೇ ಒಪ್ಪಿಗೆ ಅಂದುಕೊಂಡು, ಗೆದ್ದೆ ಎಂಬಂತೆ ಎದ್ದು ನಿಂತರು. ನಾನು ಅವನು ಕೇಳಿದಷ್ಟೇ ಕೊಟ್ಟು ಬಂದೆ. ಮಾವನಿಗೆ ಅದು ಯಾವತ್ತೂ ಗೊತ್ತಾಗಲಿಲ್ಲ.

ನಾನು ಯಾಕೆ ಜಗಳ ಮಾಡಲಿಲ್ಲ ಎಂದು ನೀವು ಕೇಳಬಹುದು. ಮದುವೆಯಾಗದ ಹುಡುಗಿ, ಮಾವ ಬೇಡ ಅಂದ ಯಂತ್ರವನ್ನು ಅಷ್ಟು ಜನರ ಮುಂದೆ ಕೊಂಡರೆ ಅವ್ವ ಅದನ್ನು ಮನೆಯ ಹೊಸ್ತಿಲು ದಾಟಿಸುತ್ತಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಹಲ್ಲು ಕಚ್ಚಿ ಕೂತೆ. ಪಕ್ಕದಲ್ಲಿ ಮಾವ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು, "ನೋಡು, ಒಂಚೂರೂ ಬಿಸಿ ಇಲ್ಲ" ಎಂದರು. ಅದು ಚಾಲೂ ಕೂಡ ಆಗಿರಲಿಲ್ಲ.

ಆಮೇಲೆ ನಡೆದದ್ದನ್ನು ಊಹಿಸಲು ಜ್ಯೋತಿಷ್ಯ ಬೇಕಿಲ್ಲ. 486ರಲ್ಲಿ ಕನ್ನಡದ ಸಾಫ್ಟ್‌ವೇರು ತೆರೆಯಲು ಒತ್ತಿ, ಹೋಗಿ ಕಾಫಿ ಕಾಸಿ, ಕುಡಿದು, ಲೋಟ ತೊಳೆದಿಟ್ಟು ಬಂದರೆ ಆಗ ತೆರೆಯುತ್ತಿತ್ತು. ನಾನು ಟೈಪ್ ಮಾಡಿದ ಅಕ್ಷರ ತೆರೆಯ ಮೇಲೆ ಬರುವಷ್ಟರಲ್ಲಿ ಏನು ಬರೆಯಲು ಹೊರಟೆನೆಂದೇ ಮರೆತುಹೋಗಿರುತ್ತಿತ್ತು. ಒತ್ತಕ್ಷರ ಬಂದರಂತೂ ಮುಗಿಯಿತು, ಧ್ಯಾನಕ್ಕೆ ಕೂತುಬಿಡುತ್ತಿತ್ತು. ಮದುವೆಯ ಕರೆಯೋಲೆಯೊಂದು ಮುಗಿಯುವ ಹೊತ್ತಿಗೆ ಹುಡುಗಿಯ ಕಡೆಯವರು ಬೇರೆ ಕಡೆ ಅಚ್ಚು ಹಾಕಿಸಿ ಹಂಚಿಯೂ ಬಿಟ್ಟಿದ್ದರು. ಎದುರು ಸಾಲಿನಲ್ಲಿ ಇನ್ನೊಬ್ಬರು ಪೆಂಟಿಯಂ ತಂದು ಕಂಪ್ಯೂಟರ್ ಅಂಗಡಿ ತೆರೆದರು. ನನ್ನ ಹಳೆಯ ಗಿರಾಕಿಗಳು ನನ್ನ ಕಣ್ಣು ತಪ್ಪಿಸಿ ಆ ಕಡೆಯ ಚರಂಡಿ ದಾಟುವುದನ್ನು ಕಲಿತರು. ನನ್ನ ಯಂತ್ರ ಮಾತ್ರ ಬಾವಿಯ ನೀರಿನಂತೆ ತಣ್ಣಗಿತ್ತು. ಅದರಲ್ಲಿ ಮಾವ ಸುಳ್ಳು ಹೇಳಿರಲಿಲ್ಲ.

ಸಂಕ್ರಾಂತಿ ಕಳೆಯಿತು. ಅವ್ವ ಸೀರೆಯ ಅಂಗಡಿಗಳ ವಿಚಾರ ತೆಗೆಯತೊಡಗಿದಳು. ಹಾಗಿರುವಾಗ ಒಂದು ದಿನ ಯಾವುದೋ ಕೆಲಸಕ್ಕೆ ನಗರಕ್ಕೆ ಬಂದ ಮಾವ ತಾವು ಆರಿಸಿದ ಮುತ್ತನ್ನು ನೋಡಲು ಅಂಗಡಿಗೆ ಬಂದರು. ಬೆಂಚಿನ ಮೇಲೆ ಕಾಲು ಮಡಚಿ ಕೂತರು. ಒಬ್ಬ ವಕೀಲರು ಅಫಿಡವಿಟ್ಟಿಗೆ ಕಾಯುತ್ತಿದ್ದರು. ಯಂತ್ರ ಅರ್ಧ ಪುಟದಲ್ಲಿ ನಿಂತಿತು. ನಾನು ಮತ್ತೆ ಚಾಲೂ ಮಾಡಿದೆ. ಮತ್ತೆ ನಿಂತಿತು. ವಕೀಲರು ಗಡಿಯಾರ ನೋಡಿಕೊಂಡು, "ಬೇಡ ಬಿಡಮ್ಮ, ಕೋರ್ಟು ನಿಮ್ಮ ಮಿಷನ್ನಿಗೆ ಕಾಯಲ್ಲ" ಎಂದು ಕಾಗದ ಕಿತ್ತುಕೊಂಡು ಎದುರು ಸಾಲಿಗೆ ನಡೆದರು. ಅಲ್ಲಿಂದ ಪ್ರಿಂಟರಿನ ಸದ್ದು ನಮಗೆ ಕೇಳುತ್ತಿತ್ತು.

ಮಾವ ಎದ್ದು ಬಂದು ಯಂತ್ರದ ಮೇಲೆ ಹಿಂಗೈ ಇಟ್ಟರು. ಈ ಸಲ ಕಣ್ಣು ಮುಚ್ಚಲಿಲ್ಲ.

"ದಿನಾ ಇಂಗೇನಾ ಅಮ್ಮಿ?"

"ದಿನಾ ಹೀಗೇ ಮಾವ."

"ಇದು ನಿಂತೋದ್ರೆ ನೀ ಏನ್ ಮಾಡೀಯೆ?"

ನನಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. "ಏನ್ ಮಾಡೋದು? ನಂಜನಗೂಡಿಗೆ ಹೋಗಿ ಒಲೆ ಪಕ್ಕ ಕೂರೋದು. ಗಂಡಿನ ಕೈಯನ್ನೂ ನೀವೇ ಮುಟ್ಟಿ ನೋಡಿದ್ರಂತಲ್ಲ, ತಣ್ಣಗಿದೆಯಂತಲ್ಲ? ದೊಡ್ಡಕ್ಕನಿಗೆ ಒಂದು ತಣ್ಣಗಿನದು, ಅಪ್ಪನಿಗೆ ಒಂದು ತಣ್ಣಗಿನದು, ನನಗೆ ಎರಡು. ನಮ್ಮ ಮನೇಲಿ ಬಿಸಿಯಾಗಿರೋದು ನನ್ನ ಹೊಟ್ಟೆ ಒಂದೇ ಮಾವ, ಅದನ್ನೂ ಮುಟ್ಟಿ ನೋಡಿ."

ಹೀಗೆ ಮಾವನ ಮುಂದೆ ಯಾರೂ ಮಾತಾಡಿರಲಿಲ್ಲ. ಎದ್ದು ಹೋಗಿ ಅವ್ವನಿಗೆ ದೂರು ಹೇಳುತ್ತಾರೆ, ಇವತ್ತೇ ನನ್ನ ಅಂಗಡಿಗೆ ಬೀಗ ಎಂದುಕೊಂಡೆ. ಮಾವ ಎದುರು ಸಾಲಿನ ಕಡೆ ಒಮ್ಮೆ ನೋಡಿ, ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಅದ್ನ ಬ್ಯಾಗ್ಗೆ ತುಂಬು. ಗುಂಡ್ಲುಪ್ಯಾಟ್ಗೆ ಓಗನ" ಎಂದರು.

ಸಂತೆಯ ದಿನ. ಬೇಕರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೆಂಟಿಯಂ ಅದೇ ಒಲೆಯ ಪಕ್ಕದಲ್ಲಿ, ಬಿಸ್ಕತ್ತಿನ ಡಬ್ಬಿಗಳ ಹಿಂದೆ ಧೂಳು ಹಿಡಿದು ಕೂತಿತ್ತು. ಮಾವ ನಮ್ಮ ಯಂತ್ರವನ್ನು ಕೌಂಟರಿನ ಮೇಲೆ ಇಟ್ಟು, "ಹಂಸಾ, ಇದ್ನ ಮಡಿಕ್ಕಂಡು ಅದ್ನ ಕೊಡು" ಎಂದರು, ಆದಷ್ಟು ಸಣ್ಣ ದನಿಯಲ್ಲಿ.

ಹಂಸಣ್ಣ ಸಣ್ಣ ದನಿಯ ಮನುಷ್ಯನಲ್ಲ. "ಎಂದಾ, ಏನಿದು ಚೇಟ್ಟಾ! ಅದು ಕೆಂಡ ಅಂತ ನೀವೇ ಅಲ್ವಾ ಹೇಳಿದ್ದು? ನೀವು ಹೇಳಿದ ಮೇಲೆ ಒಬ್ಬನಾದರೂ ಅದನ್ನು ಮುಟ್ಟಿದನಾ? ತಮ್ಮ ಫೋನು ಮಾಡಿ ಮಾಡಿ ಬಯ್ತಾನೆ. ಬೆಲೆ ಇಳಿಸಿದೆ, ಆದರೂ ಹೋಗಲಿಲ್ಲ."

"ಈಗ ನಾನೇ ತಕ್ಕತ್ತಿನಿ, ಕೊಡು."

"ಕೊಡ್ತೇನೆ. ಮೇಲೆ ಜಾಸ್ತಿ ದುಡ್ಡೂ ಬೇಡ. ಆದರೆ ಚೇಟ್ಟಾ, ನೀವು ಎಲ್ಲರ ಮುಂದೆ ನನ್ನ ಸಾಮಾನು ಕೆಟ್ಟದು ಅಂತ ಹೇಳಿದ್ದು. ಅದನ್ನು ಕೇಳಿ ನನ್ನ ಮಿಕ್ಕ ಸಾಮಾನೂ ಹೋಗ್ತಿಲ್ಲ. ಈಗ ಎಲ್ಲರ ಮುಂದೆಯೇ ಒಳ್ಳೇದು ಅಂತ ಹೇಳಿ. ಹೇಳಿ ತಗೊಂಡು ಹೋಗಿ."

ಬನ್ನು ತಿನ್ನುತ್ತಿದ್ದವರೆಲ್ಲ ಇತ್ತ ತಿರುಗಿದರು. ಮಾವನ ಕಿವಿ ಕೆಂಪಾಯಿತು. ಅಲ್ಲಿ ಕೂತಿದ್ದವರಲ್ಲಿ ಅರ್ಧದಷ್ಟು ಜನರ ಮನೆಯ ಮೋಟರು ಮಿಕ್ಸಿಗಳನ್ನು ಆರಿಸಿದವರು ಅವರು. ಅವರಿಗೆ ಆಸ್ತಿಯಿಲ್ಲ, ಅಧಿಕಾರವಿಲ್ಲ, ಪಂಚಾಯಿತಿಯಲ್ಲಿ ಕುರ್ಚಿಯಿಲ್ಲ. ಇದ್ದದ್ದು ಆ ಒಂದು ಕೈಯ ಮೇಲಿನ ನಂಬಿಕೆ. ಅಷ್ಟು ದಿನ ಅದನ್ನು ಆಡಿಕೊಂಡು ನಕ್ಕಿದ್ದ ನಾನೇ, "ಬಿಡಿ ಮಾವ, ಬನ್ನಿ ಹೋಗೋಣ" ಎಂದು ಅವರ ಟವಲಿನ ತುದಿ ಹಿಡಿದೆ. ಮಾವ ಟವಲು ಬಿಡಿಸಿಕೊಂಡರು.

"ಕೇಳ್ರಪ್ಪಾ" ಎಂದರು. ಕೌಂಟರಿಗೆ ಬೆನ್ನು ಹಾಕಿ ಜನರ ಕಡೆ ತಿರುಗಿದರು. "ಆ ನಂಬರಿಲ್ಲದ್ದೇ ಒಳ್ಳೇದು. ಬಿಸಿ ಆಗೋದೇ ಒಳ್ಳೇದು."

ಈರುಳ್ಳಿ ಮಂಡಿಯ ಒಬ್ಬರು ಬನ್ನು ಕೆಳಗಿಟ್ಟರು. "ಅಲ್ಲ ಗುರುಮಲ್ಲಣ್ಣ, ಬಿಸಿ ಆಯ್ತದೆ ಅಂತ ನಮ್ಮನೆ ಮಿಕ್ಸಿನ ವಾಪಸ್ ಕೊಡುಸ್ಬುಟ್ಟಲ್ಲ?"

"ಅದು ಕೈಕೆಲ್ಸದ ಮಿಷನ್ನು ಕಣ. ಇದು ಬುದ್ಧಿ ಓಡ್ಸೋ ಮಿಷನ್ನು. ತಲೆ ಓಡುಸ್ತಿದ್ರೆ ಬಿಸಿ ಆಗ್ಬೇಕು. ತಲೆ ತಣ್ಣಗದೆ ಅಂದ್ರೆ ಏನೂ ಓಡ್ತಿಲ್ಲ ಅಂತ."

"ಅಂಗಾರೆ ನಿನ್ ತಲೆ ಎಂಗದೆ, ಮುಟ್ಕಂಡ್ ನೋಡು" ಎಂದು ಹಿಂದಿನಿಂದ ಯಾರೋ ಕೂಗಿದರು. ಬೇಕರಿಯೇ ಕುಸಿಯುವಂತೆ ನಗು. ಮೂಲೆಯಲ್ಲಿದ್ದ ಲಾರಿಯವರೊಬ್ಬರು ತಮ್ಮ ಟೀ ಲೋಟದ ಮೇಲೆ ಹಿಂಗೈ ಇಟ್ಟು, ಕಣ್ಣು ಮುಚ್ಚಿ, ಮಾವನದೇ ದನಿಯಲ್ಲಿ "ತಣ್ಣಗದೆ, ತಕ್ಕಳಿ" ಎಂದರು. ಮತ್ತೆ ನಗು. ಮಾವ ಅದು ನಿಲ್ಲುವವರೆಗೂ ಅಲ್ಲೇ ನೆಟ್ಟಗೆ ನಿಂತಿದ್ದರು. ಆಮೇಲೆ ಪೆಂಟಿಯಮ್ಮಿನ ಧೂಳನ್ನು ತಮ್ಮ ಟವಲಿನಲ್ಲೇ ಒರೆಸಿ ನನ್ನ ಕೈಗೆ ಕೊಟ್ಟರು.

ಬಸ್ಸಿನಲ್ಲಿ ಈ ಸಲ ಯಂತ್ರ ನನ್ನ ತೊಡೆಯ ಮೇಲಿತ್ತು. ತೆರಕಣಾಂಬಿ ಹತ್ತಿರ ಬಂದಾಗ ಮಾವ, "ಅವ್ನ್ ಬನ್ನು ಮದ್ಲಿನಂಗಿಲ್ಲ ಕಣಮ್ಮಿ" ಎಂದು ಹೇಳಿ ಇಳಿದುಹೋದರು.

ಅಂಗಡಿ ತನ್ನ ಕಾಲ ಮೇಲೆ ನಿಂತಿತು. ಕೋರ್ಟಿನವರು ವಾಪಸು ಬಂದರು. ಕಾಲೇಜಿನ ಹುಡುಗರು ಪ್ರಾಜೆಕ್ಟು ಹೊತ್ತುಕೊಂಡು ಬಂದರು. ಕರೆಂಟು ಹೋದಾಗ ಎದುರು ಸಾಲಿನವರು ಮೇಣದಬತ್ತಿ ಹಚ್ಚಿದರೆ ನಾನು ಬ್ಯಾಟರಿಯ ಮೇಲೆ ಟೈಪ್ ಮಾಡುತ್ತಿದ್ದೆ. ಯುಗಾದಿಗೆ ಅವ್ವ ಒಬ್ಬಟ್ಟು ಬಡಿಸುತ್ತ, ನಂಜನಗೂಡಿನವರಿಗೆ ಬೇರೆ ಹೆಣ್ಣು ಸಿಕ್ಕಿತಂತೆ ಎಂದಳು, ನನ್ನ ಮುಖ ನೋಡದೆ. ನಾನು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡೆ.

ಕುಸಿದದ್ದು ಮಾವನ ವ್ಯಾಪಾರ. ಟೀ ಲೋಟದ ಕತೆ ಸಂತೆಯಿಂದ ಸಂತೆಗೆ ಹೋಯಿತು. ಜನ ಅವರನ್ನು ಕರೆಯದೆ ಮೈಸೂರಿಗೆ ಹೋಗಿ ಫ್ರಿಜ್ಜು ತಂದರು, ಟಿ.ವಿ. ತಂದರು. ತಂದದ್ದನ್ನು ತೋರಿಸಲಾದರೂ ಕರೆಯಬಹುದಿತ್ತು, ಕರೆಯಲಿಲ್ಲ. ನಮ್ಮ ಜನಕ್ಕೆ ಒಬ್ಬರನ್ನು ತಲೆಯ ಮೇಲೆ ಹೊತ್ತುಕೊಳ್ಳಲು ಎಷ್ಟು ಹೊತ್ತು ಬೇಕೋ ಇಳಿಸಲು ಅದರ ಕಾಲು ಭಾಗವೂ ಬೇಡ. ಮಾವ ಟವಲು ಹಾಕಿಕೊಂಡು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು, ಬೇರೆಯವರ ಸಾಮಾನು ಬಸ್ಸಿನ ಟಾಪಿನಿಂದ ಇಳಿಯುವುದನ್ನು ನೋಡುತ್ತಿದ್ದರೆಂದು ಅತ್ತೆ ಹೇಳುತ್ತಿದ್ದರು. ಅದನ್ನು ಕೇಳಿದಾಗ ನನಗೆ ನಗು ಬರಲಿಲ್ಲ.

ಮುಂದಿನ ವರ್ಷದ ಮಳೆ ಹಿಡಿಯುವ ಮೊದಲೇ ಮಾವ ಹೋದರು. ಹೊಲಕ್ಕೆ ಹೋಗಿ ಬದುವಿನ ಮೇಲೆ ಕೂತವರು ಹಾಗೇ ಒರಗಿದ್ದರಂತೆ. ನಾನು ಅವರನ್ನು ಕೊನೆಯದಾಗಿ ನೋಡಿದ್ದು ಅದಕ್ಕೆ ಕೆಲವು ವಾರ ಮುಂಚೆ, ನನ್ನ ಅಂಗಡಿಯಲ್ಲೇ.

ಅವತ್ತು ಅವರ ಹಿಂದೆ ಸಂತೆಮರಹಳ್ಳಿಯ ಒಬ್ಬ ರೈತರೂ ಅವರ ಮಗಳೂ ಇದ್ದರು. ಊರೂರಿಗೂ ಹರಡಿದ್ದ ಟೀ ಲೋಟದ ಕತೆ ಅವರ ಕಿವಿಗೆ ಬಿದ್ದಿರಲಿಲ್ಲವೆಂದು ಕಾಣುತ್ತದೆ. ಹುಡುಗಿಗೆ ಟೈಪಿಂಗ್ ಬರುತ್ತಿತ್ತು. ಸಂತೆಮರಹಳ್ಳಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂರುತ್ತೇನೆಂದು ಹಟ ಹಿಡಿದಿದ್ದಳಂತೆ. ಅವಳ ಅಪ್ಪ ಹಳೆಯ ಹೆಸರು ಕೇಳಿ, ಯಾವುದನ್ನು ಕೊಳ್ಳಬೇಕೆಂದು ಗ್ಯಾರಂಟಿ ಗುರುಮಲ್ಲಪ್ಪನವರನ್ನು ಹುಡುಕಿಕೊಂಡು ತೆರಕಣಾಂಬಿಗೆ ಹೋಗಿದ್ದರು. ಅಷ್ಟು ದಿನದ ಮೇಲೆ ಮಾವನಿಗೆ ಒಬ್ಬರು ಗಿರಾಕಿ ಬಂದಿದ್ದರು. ಊಟಕ್ಕೆ, ಕಾಫಿಗೆ, ನಾಲ್ಕು ಜನರ ಮುಂದೆ ಆಡುವ ಮಾತಿಗೆ ತಯಾರಾಗಿ ಬಂದಿದ್ದ ಗಿರಾಕಿ.

ಮಾವ ಅವರಿಬ್ಬರನ್ನೂ ನನ್ನ ಮುಂದಿನ ಕುರ್ಚಿಗಳಲ್ಲಿ ಕೂರಿಸಿ ತಾವು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತರು. ಬಹಳ ಸೊರಗಿದ್ದರು. ನಾನು ಆ ಹುಡುಗಿಗೆ ಪ್ರೊಸೆಸರ್ ಎಂದರೇನು, ಹಳೆಯದು ಕೊಳ್ಳುವಾಗ ಏನು ನೋಡಬೇಕು, ಎಲ್ಲಿ ದುಡ್ಡು ಉಳಿಸಬೇಕು, ಎಲ್ಲಿ ಉಳಿಸಬಾರದು ಎಂದು ನನಗೆ ತಿಳಿದಷ್ಟು ಹೇಳಿದೆ. ಹುಡುಗಿ ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಅವಳ ಅಪ್ಪನಿಗೆ ಮಾತ್ರ ಹೆಂಗಸಿನ ಮಾತು ಗಂಟಲಲ್ಲಿ ಇಳಿಯಲಿಲ್ಲ. ನಾನು ಮುಗಿಸಿದ ಕೂಡಲೇ ಪೂರ್ತಿ ಹಿಂದಕ್ಕೆ ತಿರುಗಿ, "ಅವ್ರೇನೋ ಏಳುದ್ರು. ನೀವೇನಂತೀರಿ ಗುರುಮಲ್ಲಣ್ಣ? ನಿಮ್ ಮಾತು ಮುಖ್ಯ" ಎಂದರು.

ಮಾವ ನನ್ನನ್ನು ನೋಡಲಿಲ್ಲ. ಆ ಹುಡುಗಿಯನ್ನು ನೋಡಿದರು.

"ನನ್ ಕೇಳ್ಬ್ಯಾಡಿ" ಎಂದರು. "ನಂಗ್ ಇದ್ರಲ್ಲಿ ಏನೂ ಗೊತ್ತಿಲ್ಲ. ಗೊತ್ತಿದ್ದಿದ್ರೆ ನಿಮ್ಮುನ್ನ ಇಲ್ಲಿಗಂಟ ಯಾಕ್ ಕರ್ಕಂಡ್ ಬತ್ತಿದ್ದೆ? ಇವ್ಳು ಏನ್ ಏಳ್ತಾಳೋ ಅದ್ನೇ ತಕ್ಕೊಡಿ."